ಮೇಲಿನ ರೂಮಿನ ಹುಡುಗ

ಶನಿವಾರ ರಾತ್ರಿ ಬಂತೆಂದರೆ ನಮ್ಮ ರೂಮಿನಲ್ಲಿ ಸಿನಿಮಾ. ಇದು ನಾವೇ ಮಾಡಿಕೊಂಡ ನಿಯಮ. ವಾರವಿಡೀ ಸಂವಿಧಾನ, ಇತಿಹಾಸ, ಮೆಂಟಲ್ ಎಬಿಲಿಟಿ ಎಂದು ತಲೆ ಕೆಡಿಸಿಕೊಂಡವರಿಗೆ ಅದೊಂದೇ ಬಿಡುವು. ವಿಜಯಪುರದ ಅಥಣಿ ರಸ್ತೆಯ ಕಡೆ ಒಂದು ಓಣಿಯಲ್ಲಿ ನಮ್ಮ ರೂಮು. ಕೆಳಗೆ ಮಾಲಕರ ಮನೆ, ನಡುವಿನ ಮಹಡಿಯಲ್ಲಿ ನಾವು ನಾಲ್ವರು, ಮೇಲೆ ತಗಡಿನ ಶೀಟು ಹೊದಿಸಿದ ಸಣ್ಣ ರೂಮಿನಲ್ಲಿ ಇನ್ನೊಬ್ಬ ಹುಡುಗ. ನಾವು ನಾಲ್ವರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ನನ್ನದು ತಿಕೋಟಾ. ಪಿಎಸ್‌ಐ ಆಗಬೇಕೆಂಬ ಹಟ.

2023ರ ಫೆಬ್ರುವರಿಯ ಒಂದು ಶನಿವಾರ ಗೆಳೆಯನೊಬ್ಬ ಪೆನ್‌ಡ್ರೈವ್‌ನಲ್ಲಿ ‘ನ್ಯೂಯಾರ್ಕ್’ ಹಿಂದಿ ಸಿನಿಮಾ ತಂದಿದ್ದ. 2009ರಲ್ಲಿ ಬಂದ, ಕಬೀರ್ ಖಾನ್ ನಿರ್ದೇಶನದ ಚಿತ್ರ. ಜಾನ್ ಅಬ್ರಹಾಂ, ಕತ್ರಿನಾ ಕೈಫ್, ನೀಲ್ ನಿತಿನ್ ಮುಕೇಶ್ ಅದರಲ್ಲಿ ಕಾಲೇಜು ಗೆಳೆಯರು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಜಾನ್ ಪಾತ್ರಧಾರಿಯನ್ನು ಪೊಲೀಸರು ಹಿಡಿದೊಯ್ಯುತ್ತಾರೆ. ಅವನು ಮಾಡಿದ ತಪ್ಪೆಂದರೆ ಓದಿಗಾಗಿ ನಗರದ ಕಟ್ಟಡಗಳ ಫೋಟೊ ತೆಗೆದದ್ದು. ತಿಂಗಳುಗಟ್ಟಲೆ ಚಿತ್ರಹಿಂಸೆ ಕೊಟ್ಟು, ಸಾಕ್ಷ್ಯವಿಲ್ಲವೆಂದು ಬಿಟ್ಟುಬಿಡುತ್ತಾರೆ. ಆ ಅವಮಾನ ಅವನೊಳಗೆ ಕುದಿದು ಕೊನೆಗೆ ಅವನು ನಿಜವಾಗಿಯೂ ಭಯೋತ್ಪಾದಕನಾಗುತ್ತಾನೆ. ಹೊರಗೆ ನೋಡಿದರೆ ಕಚೇರಿಗಳನ್ನು ಸ್ವಚ್ಛ ಮಾಡಿಸುವ ಕಂಪನಿ, ಹೆಂಡತಿ, ಮಗು. ಒಳಗೆ ಬಾಂಬಿನ ಯೋಜನೆ.

ಸಿನಿಮಾ ಮುಗಿದದ್ದು ರಾತ್ರಿ ಒಂದಕ್ಕೆ. ಆಮೇಲೆ ಶುರುವಾಯಿತು ವಾದ.

“ಇವೆಲ್ಲಾ ಸಿನಿಮಾದಾಗ ಅಷ್ಟ ನೋಡ್ಲೇ. ಇಷ್ಟು ಓದಿದ ಹುಡುಗ್ರು ಬಾಂಬ್ ಇಡ್ತಾರೇನು?” ಎಂದ ಇಂಡಿಯ ಗೆಳೆಯ.

“ಯಾಕ ಇಡೂದಿಲ್ಲ? ಪೇಪರ್ ಓದೂದಿಲ್ಲೇನು ನೀ? ಈಗ ಸಿಗಾಕತ್ತವ್ರೆಲ್ಲಾ ಎಂಜಿನಿಯರ್, ಡಾಕ್ಟರ್ ಓದಿದವ್ರ ಇದ್ದಾರ” ಎಂದ ಇನ್ನೊಬ್ಬ.

ನಾನು ಎರಡನೆಯವನ ಪರ ನಿಂತೆ. ಪಿಎಸ್‌ಐ ಆಗುವವನು ನಾನು, ಅನುಮಾನ ಪಡುವುದೇ ನನ್ನ ಕೆಲಸ ಎಂದುಕೊಂಡಿದ್ದೆ. ವಾದ ಮುಗಿಸಿ ಎಲ್ಲರೂ ಮಲಗಿದರು. ನನಗೆ ನಿದ್ದೆ ಬರಲಿಲ್ಲ. ಎರಡು ಗಂಟೆಯ ಹೊತ್ತಿಗೆ ಮೇಲಿನ ರೂಮಿನಿಂದ ಮಾತು ಕೇಳಿಸಿತು.

“ಬಂತೇನ್ರಿ? ... ಹಾಂ, ಈಗ ನಾ ಕಾಲ್ ಮಾಡ್ತೀನಿ, ನೀವು ದೂರ ನಿಂದರ‍್ರಿ ... ಆನ್ ಆತೇನು? ... ಆಗ್ಲಿಲ್ಲಾ? ತಡೀರಿ, ಇನ್ನೊಂದು ಸಿಮ್‌ನಿಂದ ಮಾಡ್ತೀನಿ.”

ಎದ್ದು ಕುಳಿತೆ. ಆ ಹುಡುಗ ಬಂದು ನಾಲ್ಕು ತಿಂಗಳಾಗಿತ್ತು. ಬಬಲೇಶ್ವರ ಕಡೆಯವನು, ಐಟಿಐ ಮುಗಿಸಿದ್ದಾನೆ ಎಂಬುದಷ್ಟು ಗೊತ್ತಿತ್ತು. ಹೆಚ್ಚು ಮಾತಾಡುತ್ತಿರಲಿಲ್ಲ. ಬೆಳಿಗ್ಗೆ ಬ್ಯಾಗ್ ಹೆಗಲಿಗೇರಿಸಿ ಬೈಕಿನಲ್ಲಿ ಹೋದರೆ ರಾತ್ರಿಯೇ ಬರುವುದು. ಮುಸ್ಲಿಂ ಹುಡುಗ. ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯದಿದ್ದರೆ ಮುಂದೆ ಹೇಳುವುದೆಲ್ಲ ಅರ್ಧ ಸುಳ್ಳಾಗುತ್ತದೆ, ಅದಕ್ಕೇ ಬರೆದೆ.

ಮರುದಿನ ಬಟ್ಟೆ ಒಣಹಾಕುವ ನೆಪದಲ್ಲಿ ಮಾಳಿಗೆ ಹತ್ತಿದೆ. ಅವನ ರೂಮಿನ ಬಾಗಿಲು ತೆರೆದೇ ಇತ್ತು, ಅವನು ನಳದ ಹತ್ತಿರ ಮುಖ ತೊಳೆಯುತ್ತಿದ್ದ. ಒಳಗೆ ಇಣುಕಿದೆ. ನೆಲದ ಮೇಲೆ ಹಸಿರು ಸರ್ಕಿಟ್ ಬೋರ್ಡುಗಳು, ಕೆಂಪು, ಹಳದಿ, ನೀಲಿ ವೈರು, ಬೆರಳಿನಷ್ಟು ಉದ್ದದ ಬ್ಯಾಟರಿಗಳು, ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿ. ಒಂದು ಪ್ಲಾಸ್ಟಿಕ್ ಡಬ್ಬಿಯ ತುಂಬ ಸಿಮ್ ಕಾರ್ಡು. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಊರಿನ ಹೆಸರುಗಳು, ಪಕ್ಕದಲ್ಲಿ ವೇಳೆ. ಹೊನವಾಡ, ಬಿಜ್ಜರಗಿ, ಕನಮಡಿ, ಸಾರವಾಡ, ಕಾಖಂಡಕಿ. ತಿಕೋಟಾ ಕೂಡ ಇತ್ತು, ಅದರ ಮುಂದೆ ರಾತ್ರಿ 2.00 ಎಂದು ಬರೆದಿತ್ತು.

ಹಿಂದಿನ ರಾತ್ರಿ ನೋಡಿದ ಸಿನಿಮಾ ತಲೆಯಲ್ಲಿ ಇನ್ನೂ ಓಡುತ್ತಿತ್ತು. ತಿಕೋಟಾದಲ್ಲಿ ರಾತ್ರಿ ಎರಡಕ್ಕೆ ಬಾಂಬ್ ಸಿಡಿಸಿ ಯಾರಿಗೆ ಏನು ಸಿಗುತ್ತದೆ ಎಂಬ ಸಾದಾ ಪ್ರಶ್ನೆಯೂ ನನಗೆ ಹೊಳೆಯಲಿಲ್ಲ. ಕೆಳಗಿಳಿದು ನೇರವಾಗಿ ಮಾಲಕರ ಬಳಿ ಹೋದೆ. “ಕಾಕಾ, ಮ್ಯಾಲಿನ ಹುಡುಗ ಏನೋ ಮಾಡಾಕತ್ತಾನ್ರಿ. ಒಂದ್ಸಲ ನೋಡ್ರಿ” ಎಂದೆ. ‘ಬಾಂಬ್’ ಎಂಬ ಶಬ್ದ ನಾನು ಬಳಸಲಿಲ್ಲ. ಆದರೆ ಸಿಮ್, ಬ್ಯಾಟರಿ, ವೈರು, ರಾತ್ರಿ ಫೋನು ಎಂದು ಹೇಳಿದ ಮೇಲೆ ಆ ಶಬ್ದ ಹೇಳುವ ಅಗತ್ಯವೂ ಇರಲಿಲ್ಲ.

ಮಾಲಕರು ಕೆಟ್ಟವರಲ್ಲ. ಅವರ ಹೆದರಿಕೆಯೂ ಸುಮ್ಮನೆ ಹುಟ್ಟಿದ್ದಲ್ಲ. ಮೂರು ತಿಂಗಳ ಹಿಂದೆ, 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೊದೊಳಗೆ ಕುಕ್ಕರ್ ಬಾಂಬ್ ಸಿಡಿದಿತ್ತು. ಅದರ ಆರೋಪಿ 24 ವರ್ಷದ ಯುವಕ. ಬೇರೊಬ್ಬರ ಆಧಾರ್ ಕಾರ್ಡು ತೋರಿಸಿ ಮೈಸೂರಿನಲ್ಲಿ ರೂಮು ಬಾಡಿಗೆ ಹಿಡಿದಿದ್ದ ಎಂದು ಎಲ್ಲ ಟಿ.ವಿ.ಗಳೂ ಹೇಳಿದ್ದವು. ಬಾಡಿಗೆ ಕೊಡುವ ಪ್ರತಿಯೊಬ್ಬರೂ ಆ ಸುದ್ದಿ ನೋಡಿ ಬೆವೆತಿದ್ದರು. ಇನ್ನೂ ಹಿಂದೆ ಹೋದರೆ ಕೋಣನಕುಂಟೆಯೇ ಇದೆ. ರಾಜೀವ್ ಗಾಂಧಿ ಹತ್ಯೆಯ ಸೂತ್ರಧಾರ ಶಿವರಸನ್, ಶುಭಾ ಮತ್ತು ಇತರ ಐವರು 1991ರ ಆಗಸ್ಟ್ 20ರಂದು ಶವವಾಗಿ ಸಿಕ್ಕಿದ್ದು ಬೆಂಗಳೂರಿನ ಅಂಚಿನ ಆ ಊರಿನ ಒಂದು ಸಾಮಾನ್ಯ ಮನೆಯಲ್ಲಿ. ಎ.ಎಂ.ಆರ್. ರಮೇಶ್ 2006ರಲ್ಲಿ ತೆಗೆದ ‘ಸೈನೈಡ್’ ಕನ್ನಡ ಚಿತ್ರ ಆ ಕೊನೆಯ ದಿನಗಳದ್ದೇ ಕಥೆ. ನಮ್ಮ ಮಾಲಕರಿಗೆ ಆ ಸಿನಿಮಾ ಬಾಯಿಪಾಠವಾಗಿತ್ತು.

ಅಂದು ಸಂಜೆ ಮಾಲಕರು, ಓಣಿಯ ಇಬ್ಬರು ಹಿರಿಯರು ಮೇಲೆ ಹೋದರು. ನಾನು ನಮ್ಮ ರೂಮಿನಲ್ಲಿ ಪುಸ್ತಕ ತೆರೆದು ಕುಳಿತಿದ್ದೆ, ಕಿವಿ ಮಾತ್ರ ಮೇಲಿತ್ತು. ಹುಡುಗ ಗಲಾಟೆ ಮಾಡಲಿಲ್ಲ. ಒಂದು ಬೋರ್ಡು ಕೈಗೆ ತೆಗೆದುಕೊಂಡು ನಿಧಾನವಾಗಿ ವಿವರಿಸಿದ. ಅವು ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್‌ಗಳು.

ನಮ್ಮ ಭಾಗದವರಿಗೆ ಇದು ಗೊತ್ತಿರುತ್ತದೆ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ತಿಕೋಟಾ, ಬಬಲೇಶ್ವರ ದ್ರಾಕ್ಷಿಯ ಸೀಮೆ. ತೋಟಕ್ಕೆ ಹನಿ ನೀರಾವರಿ, ಅದಕ್ಕೆ ಬೋರಿನ ಮೋಟಾರು, ಮೋಟಾರಿಗೆ ತ್ರೀಫೇಸ್ ಕರೆಂಟು ಬೇಕು. ಆ ಕರೆಂಟು ಪಾಳಿಯ ಮೇಲೆ ಬರುತ್ತದೆ. ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ಮೊದಲು ರೈತ ಕಂದೀಲು ಹಿಡಿದು ಹಾವು ಚೇಳಿನ ನಡುವೆ ತೋಟಕ್ಕೆ ಹೋಗಿ ಬಟನ್ ಒತ್ತಬೇಕಿತ್ತು. ಈಗ ಸ್ಟಾರ್ಟರ್ ಪೆಟ್ಟಿಗೆಯ ಪಕ್ಕ ಒಂದು ಸಣ್ಣ ಡಬ್ಬಿ ಕೂರಿಸುತ್ತಾರೆ. ಅದರೊಳಗೆ ಸರ್ಕಿಟ್ ಬೋರ್ಡು, ಒಂದು ಸಿಮ್, ಒಂದು ಸಣ್ಣ ಬ್ಯಾಟರಿ. ಕರೆಂಟು ಬಂದ ಕೂಡಲೇ ಅದು ರೈತನ ಮೊಬೈಲಿಗೆ ಕಾಲ್ ಮಾಡುತ್ತದೆ. ರೈತ ಮನೆಯಲ್ಲಿ ಮಲಗಿದ್ದಲ್ಲೇ ಮೋಟಾರು ಚಾಲೂ ಮಾಡಬಹುದು. ಒಂದು ಫೇಸ್ ಹೋದರೆ, ಬೋರಿನಲ್ಲಿ ನೀರು ಮುಗಿದರೆ ಅದೇ ಬಂದ್ ಮಾಡುತ್ತದೆ. ಮೇಲಿನ ರೂಮಿನ ಹುಡುಗ ಕೆಟ್ಟುಹೋದ ಆ ಡಬ್ಬಿಗಳನ್ನು ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಿದ್ದ. ಗೋಡೆಯ ಮೇಲಿದ್ದದ್ದು ಯಾವ ಊರಿಗೆ ಯಾವ ಹೊತ್ತಿಗೆ ಕರೆಂಟು ಬರುತ್ತದೆ ಎಂಬ ಪಟ್ಟಿ. “ದೂರ ನಿಂದರ‍್ರಿ” ಎಂದದ್ದು ಮೋಟಾರಿನ ಹತ್ತಿರ ನಿಂತ ರೈತನಿಗೆ.

ತಿಕೋಟಾದ ನಮ್ಮ ಮಾಮನ ತೋಟದಲ್ಲಿಯೂ ಅಂಥದೊಂದು ಡಬ್ಬಿ ಇತ್ತು. ಅದರ ಮುಚ್ಚಳ ತೆರೆದು ಒಳಗೇನಿದೆ ಎಂದು ನಾನು ಒಮ್ಮೆಯೂ ನೋಡಿರಲಿಲ್ಲ.

ಎಲ್ಲ ತಿಳಿದ ಮೇಲೂ ಮಾಲಕರು ಅವನನ್ನು ಇಟ್ಟುಕೊಳ್ಳಲಿಲ್ಲ. “ನನಗ ತಿಳೀತಪಾ. ಆದ್ರ ಓಣ್ಯಾಗ ಮಾತಾಗೇತಿ. ನಾಳಿಗೆ ಏನರ ಹೆಚ್ಚುಕಡಿಮಿ ಆದ್ರ ನನ್ನ ಕೇಳ್ತಾರ” ಎಂದರು. ಮರುದಿನ ಬೆಳಿಗ್ಗೆ ಅವನು ಬೋರ್ಡುಗಳನ್ನು ಗೋಣಿಚೀಲಕ್ಕೆ ತುಂಬಿ, ಹಾಸಿಗೆ ಸುತ್ತಿ ಬೈಕಿಗೆ ಕಟ್ಟಿಕೊಂಡು ಹೋದ. ಗೋಲಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕೇಳಿಸುತ್ತದೆ. ಶಾಲೆಯ ಪ್ರವಾಸದಲ್ಲಿ ಹೋದಾಗ ಅದನ್ನು ಆಟವೆಂದುಕೊಂಡಿದ್ದೆ. ನನ್ನ ಒಂದು ಪಿಸುಮಾತು ಬೆಳಗಾಗುವುದರೊಳಗೆ ಇಡೀ ಓಣಿ ಸುತ್ತಿ ಬಂದಿತ್ತು.

ಅಂದಿನಿಂದ ಆ ಸಿನಿಮಾದ ವಾದ ನನ್ನನ್ನು ಬಿಡಲಿಲ್ಲ. ಓದಿದ ಹುಡುಗರು ಹೀಗೆ ಮಾಡುತ್ತಾರೋ ಇಲ್ಲವೋ? ಸಿನಿಮಾದಲ್ಲಿ ನಂಬಬೇಕಾದ್ದು ಎಷ್ಟು? ಓದಿಗೆಂದು ಇಟ್ಟುಕೊಂಡಿದ್ದ ಹಳೆಯ ಪತ್ರಿಕೆಗಳನ್ನೂ, ಮೊಬೈಲಿನಲ್ಲಿ ಸಿಕ್ಕ ವರದಿಗಳನ್ನೂ ಹುಡುಕಿ ಓದಿದೆ. ನಮ್ಮ ಕರ್ನಾಟಕದ್ದೇ ಒಂದು ಪ್ರಕರಣ ಸಿಕ್ಕಿತು. ಯಾವ ಚಿತ್ರಕಥೆಗಾರನೂ ಅದನ್ನು ಬರೆಯಲಾರ, ಬರೆದರೆ ನಂಬುವವರೂ ಇಲ್ಲ.

2007ರ ಜೂನ್ 30. ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಮಾನ ನಿಲ್ದಾಣದ ಬಾಗಿಲಿಗೆ ಗ್ಯಾಸ್ ಸಿಲಿಂಡರ್ ತುಂಬಿದ ಜೀಪೊಂದು ಉರಿಯುತ್ತಾ ಬಂದು ಗುದ್ದಿತು. ಹಿಂದಿನ ದಿನವಷ್ಟೇ ಲಂಡನ್ನಿನಲ್ಲಿ ಬಾಂಬ್ ಇಟ್ಟ ಎರಡು ಕಾರು ಸಿಡಿಯದೆ ಸಿಕ್ಕಿದ್ದವು. ಜೀಪು ಓಡಿಸಿದವನು ಬೆಂಗಳೂರಿನ ಕಫೀಲ್ ಅಹ್ಮದ್. ವೈದ್ಯ ದಂಪತಿಯ ಮಗ. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿ, ಬ್ರಿಟನ್ನಿಗೆ ಹೋಗಿ ಪಿಎಚ್‌.ಡಿ. ಮಾಡುತ್ತಿದ್ದ. ಸುಟ್ಟಗಾಯಗಳಿಂದ ಆಗಸ್ಟ್ 2ರಂದು ಸತ್ತ. ಅವನ ಜೊತೆಗಿದ್ದವನು ವೈದ್ಯ. ಅಂದರೆ ನನ್ನ ಗೆಳೆಯ ಹೇಳಿದ್ದು ಸುಳ್ಳಲ್ಲ. ಓದಿದ, ಪೇಟೆಯ, ಅನುಕೂಲಸ್ಥ ಮನೆಯ ಹುಡುಗ ಇದನ್ನು ಮಾಡಬಲ್ಲ. ನಮ್ಮ ದಾವಣಗೆರೆಯ ತರಗತಿಗಳಲ್ಲಿ ಕುಳಿತವನೇ ಮಾಡಿದ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಎರಡೇ ದಿನಕ್ಕೆ, ಜುಲೈ 2ರಂದು, ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬ ಕನ್ನಡ ನಾಡಿನ ಯುವಕನ ಬಂಧನವಾಯಿತು. ಡಾ. ಮೊಹಮ್ಮದ್ ಹನೀಫ್, 27 ವರ್ಷ, ಮೂಡಿಗೆರೆಯವರು, ಕಫೀಲನ ದೂರದ ಸಂಬಂಧಿ. ಅಲ್ಲಿನ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸ. ಅವರ ಮೇಲಿನ ಅನುಮಾನಗಳನ್ನು ಒಂದೊಂದಾಗಿ ಜೋಡಿಸಿ ನೋಡಿ. ದಾಳಿಯಾದ ಬೆನ್ನಿಗೇ ದೇಶ ಬಿಡಲು ಹೊರಟಿದ್ದರು. ಕೈಯಲ್ಲಿದ್ದದ್ದು ಹೋಗುವ ಟಿಕೆಟ್ ಮಾತ್ರ, ಮರಳಿ ಬರುವ ಟಿಕೆಟ್ ಇಲ್ಲ. ಅವರ ಹೆಸರಿನ ಸಿಮ್ ಕಾರ್ಡು ಗ್ಲಾಸ್ಗೊದ ಆ ಜೀಪಿನಲ್ಲೇ ಸಿಕ್ಕಿದೆ ಎಂದು ನ್ಯಾಯಾಲಯಕ್ಕೆ ಹೇಳಲಾಯಿತು. ಸಿನಿಮಾ ಆಗಿದ್ದರೆ ಇಷ್ಟು ಸಾಕಿತ್ತು. ಹಿನ್ನೆಲೆ ಸಂಗೀತ ಶುರುವಾಗಿ, ನಾವೆಲ್ಲ “ಇವನೇ” ಎಂದುಬಿಡುತ್ತಿದ್ದೆವು.

ಈಗ ಒಂದೊಂದನ್ನೇ ಬಿಡಿಸಿ ನೋಡಿ. ಬೆಂಗಳೂರಿನಲ್ಲಿ ಹೆಂಡತಿಗೆ ಆಗಷ್ಟೇ ಸಿಸೇರಿಯನ್ ಆಗಿ ಹೆಣ್ಣು ಮಗು ಹುಟ್ಟಿತ್ತು, ಅದನ್ನು ನೋಡಲು ಹೊರಟಿದ್ದರು. ಸಿಮ್ ಕಾರ್ಡನ್ನು 2006ರಲ್ಲಿ ಬ್ರಿಟನ್ ಬಿಡುವಾಗ ಕಫೀಲನ ತಮ್ಮ ಸಬೀಲನಿಗೆ ಕೊಟ್ಟು ಬಂದಿದ್ದರು, ಅದರಲ್ಲಿ ಇನ್ನೂ ಫ್ರೀ ಟಾಕ್‌ಟೈಮ್ ಇತ್ತು ಎಂಬ ಕಾರಣಕ್ಕೆ. ನಾವು ಹಾಸ್ಟೆಲ್ ಬಿಡುವಾಗ ಬಕೆಟ್ಟು, ಚಾರ್ಜರ್ ಕೊಟ್ಟು ಬರುವುದಿಲ್ಲವೇ, ಹಾಗೆ. ಆ ಸಿಮ್ ಜೀಪಿನಲ್ಲಿ ಸಿಕ್ಕಿರಲೇ ಇಲ್ಲ. ಅದು ಇದ್ದದ್ದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲ್‌ನಲ್ಲಿ, ಸಬೀಲನ ಬಳಿ. ಹನೀಫರನ್ನು 12 ದಿನ ಆರೋಪ ಹೊರಿಸದೆ ಇಟ್ಟುಕೊಂಡು, ಜುಲೈ 14ರಂದು ಆರೋಪ ಹೊರಿಸಿದರು. 16ರಂದು ನ್ಯಾಯಾಧೀಶರು ಜಾಮೀನು ಕೊಟ್ಟರು. ಅದೇ ದಿನ ಸರ್ಕಾರ ವೀಸಾ ರದ್ದು ಮಾಡಿತು. 27ರಂದು ಆರೋಪವನ್ನೇ ಕೈಬಿಡಲಾಯಿತು. ನಿವೃತ್ತ ನ್ಯಾಯಾಧೀಶ ಜಾನ್ ಕ್ಲಾರ್ಕ್ ನಡೆಸಿದ ವಿಚಾರಣೆಯ ವರದಿ 2008ರಲ್ಲಿ ಬಂತು. ಆರೋಪ ಹೊರಿಸಲು ಬೇಕಾದ ಸಾಕ್ಷ್ಯವೇ ಇರಲಿಲ್ಲ ಎಂಬುದು ಅದರ ಸಾರ. 2010ರಲ್ಲಿ ಅಲ್ಲಿನ ಸರ್ಕಾರ ಪರಿಹಾರ ಕೊಟ್ಟಿತು.

ಜಾಮೀನು ಕೊಟ್ಟ ದಿನವೇ ವೀಸಾ ರದ್ದಾದ ಸಾಲು ಓದುವಾಗ ನಮ್ಮ ಮಾಲಕರ ಮಾತು ನೆನಪಾಯಿತು. “ನನಗ ತಿಳೀತಪಾ, ಆದ್ರ...”

ಇದಾದ ಐದು ವರ್ಷಕ್ಕೆ ನಮಗೆ ಇನ್ನೂ ಹತ್ತಿರದ ಪ್ರಕರಣ ನಡೆಯಿತು. 2012ರ ಆಗಸ್ಟ್ 29ರಂದು ಬೆಂಗಳೂರು ಮತ್ತು ಹುಬ್ಬಳ್ಳಿಯಲ್ಲಿ ಪೊಲೀಸರು ಹಲವು ಯುವಕರನ್ನು ಬಂಧಿಸಿದರು. ಪತ್ರಕರ್ತರನ್ನೂ ರಾಜಕಾರಣಿಗಳನ್ನೂ ಕೊಲ್ಲುವ ಸಂಚು ಎಂಬುದು ಆರೋಪ. ಬಂಧಿತರಲ್ಲಿ ಒಬ್ಬ ಇಂಗ್ಲಿಷ್ ದಿನಪತ್ರಿಕೆಯ ವರದಿಗಾರ ಮುತಿ ಉರ್ ರೆಹಮಾನ್ ಸಿದ್ದಿಕಿ, ಆಗ 26 ವರ್ಷ. ಅದೂ ನಮ್ಮಂತೆಯೇ ನಾಲ್ಕಾರು ಹುಡುಗರು ಹಂಚಿಕೊಂಡಿದ್ದ ರೂಮು. ಆರು ತಿಂಗಳು ಜೈಲಿನಲ್ಲಿದ್ದ ಮೇಲೆ, ಅವರ ವಿರುದ್ಧ ಸಾಕ್ಷ್ಯವಿಲ್ಲವೆಂದು ಎನ್‌ಐಎ ಹೇಳಿತು. 2013ರ ಫೆಬ್ರುವರಿಯಲ್ಲಿ ಬಿಡುಗಡೆಯಾಯಿತು. ಅದೇ ಪ್ರಕರಣದಲ್ಲಿ 13 ಮಂದಿ 2016ರಲ್ಲಿ ತಪ್ಪೊಪ್ಪಿಕೊಂಡರು, ಅವರಿಗೆ ಐದು ವರ್ಷ ಶಿಕ್ಷೆಯಾಯಿತು.

ಈ ಎರಡು ಪ್ರಕರಣ ಒಟ್ಟಿಗೆ ಇಟ್ಟು ನೋಡಿದಾಗ ನನ್ನ ಇಬ್ಬರು ಗೆಳೆಯರೂ ಅರ್ಧ ಸರಿ, ಅರ್ಧ ತಪ್ಪು ಎನಿಸಿತು. ‘ಇವೆಲ್ಲ ಸಿನಿಮಾದಲ್ಲಿ ಮಾತ್ರ’ ಎನ್ನುವಂತಿಲ್ಲ. ಜೀಪು ನಿಜ, ತಪ್ಪೊಪ್ಪಿಗೆ ನಿಜ. ಆದರೆ ಒಂದೇ ಮನೆತನದ ಸಂಬಂಧಿಕರಲ್ಲಿ, ಒಂದೇ ಪ್ರಕರಣದ ಪಟ್ಟಿಯಲ್ಲಿ ಒಬ್ಬ ತಪ್ಪಿತಸ್ಥ, ಇನ್ನೊಬ್ಬ ನಿರಪರಾಧಿ. ಹೆಸರು, ಓದು, ವಯಸ್ಸು, ರೂಮು ಯಾವುದನ್ನು ನೋಡಿದರೂ ಇಬ್ಬರನ್ನೂ ಬೇರ್ಪಡಿಸಲು ಆಗುವುದಿಲ್ಲ. ಬೇರ್ಪಡಿಸುವುದು ಸಾಕ್ಷ್ಯ ಮಾತ್ರ. ಸಿಮ್ ಯಾರದು ಎಂದು ಕೇಳಿದರೆ ಸಾಲದು, ಎಲ್ಲಿತ್ತು, ಯಾಕೆ ಕೊಟ್ಟದ್ದು ಎಂದೂ ಕೇಳಬೇಕು.

‘ನ್ಯೂಯಾರ್ಕ್’ ಸಿನಿಮಾದ ವಿಷಯಕ್ಕೆ ಮರಳುತ್ತೇನೆ. ಅದರ ಮೊದಲರ್ಧ ನಂಬುವಂಥದ್ದು. ಸೆಪ್ಟೆಂಬರ್ 11ರ ನಂತರ ಅಮೆರಿಕದಲ್ಲಿ ಸಿಕ್ಕಸಿಕ್ಕವರನ್ನು ಹಿಡಿದದ್ದು ಕಟ್ಟುಕಥೆಯಲ್ಲ. ಹಾಗೆ ಬಂಧಿತರಾದ 762 ವಿದೇಶಿಯರನ್ನು ನಡೆಸಿಕೊಂಡ ರೀತಿಯ ಬಗ್ಗೆ ಅಲ್ಲಿನ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಅವರೇ 2003ರಲ್ಲಿ ಕಟುವಾದ ವರದಿ ಕೊಟ್ಟಿದ್ದಾರೆ. ನನಗೆ ನಂಬಲಾಗದ್ದು ಎರಡನೆಯ ಅರ್ಧ. ಅನ್ಯಾಯಕ್ಕೊಳಗಾದವನು ಬಾಂಬ್ ಹಿಡಿಯುತ್ತಾನೆ ಎಂಬ ಲೆಕ್ಕ. ನಿರ್ದೇಶಕರ ಉದ್ದೇಶ ಒಳ್ಳೆಯದೇ ಇರಬಹುದು, ‘ಅವನು ಹಾಗಾಗಲು ನಾವೇ ಕಾರಣ’ ಎಂದು ಹೇಳಲು ಹೊರಟಿದ್ದಾರೆ. ಆದರೆ ಹೀಗೆ ಹೇಳುವುದರಿಂದ ಅನ್ಯಾಯಕ್ಕೊಳಗಾದವನ ಮೇಲೆ ಇನ್ನೊಂದು ಅನುಮಾನ ಹೊರಿಸಿದಂತಾಗುತ್ತದೆ. ಮೊದಲು ಏನೂ ಮಾಡಿರಲಿಲ್ಲ ಸರಿ, ಈಗ ಸಿಟ್ಟಿಗೆದ್ದು ಮಾಡಬಹುದಲ್ಲ ಎಂದು.

ನಮ್ಮ ಕನ್ನಡ ನಾಡಿನ ಜೋಡಿ ಆ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಜೀಪು ಗುದ್ದಿಸಿದವನನ್ನು ಅದಕ್ಕೂ ಮೊದಲು ಯಾರೂ ಜೈಲಿಗೆ ಹಾಕಿರಲಿಲ್ಲ, ಸಿನಿಮಾದ ನಾಯಕನಿಗಾದ ಹಿಂಸೆ ಅವನಿಗಾಗಿರಲಿಲ್ಲ. ಜಗತ್ತಿನ ಎದುರು ಭಯೋತ್ಪಾದಕ ಎನಿಸಿಕೊಂಡ ಹನೀಫರು ಮನೆಗೆ ಬಂದರು, ಮಗಳನ್ನು ಎತ್ತಿಕೊಂಡರು, ಕೋರ್ಟಿನ ಮೂಲಕ ನ್ಯಾಯ ಕೇಳಿದರು, ಮತ್ತೆ ವೈದ್ಯ ವೃತ್ತಿಗೆ ಹೋದರು. ಇದರಲ್ಲಿ ಥ್ರಿಲ್ಲರ್ ಇಲ್ಲ. ಹಾಗಾಗಿ ಇದು ಸಿನಿಮಾ ಆಗುವುದಿಲ್ಲ. ಆದರೆ ಅನ್ಯಾಯವಾದವರಲ್ಲಿ ಬಹುತೇಕರು ಮಾಡುವುದು ಇದನ್ನೇ.

ಇಷ್ಟು ಓದಿದ ಮೇಲೂ ಮೇಲಿನ ರೂಮಿನ ಹುಡುಗನನ್ನು ಹುಡುಕಿ ಹೋಗುವ ಧೈರ್ಯ ನನಗೆ ಬರಲಿಲ್ಲ. ಆ ವರ್ಷ ಅಕ್ಟೋಬರ್‌ನಲ್ಲಿ ದ್ರಾಕ್ಷಿ ಚಾಟ್ನಿ ಮುಗಿದು ತೋಟದಲ್ಲಿ ಚಿಗುರು ಒಡೆಯುವ ಹೊತ್ತು. ರಜೆಗೆ ತಿಕೋಟಾಕ್ಕೆ ಹೋಗಿದ್ದೆ. ಮಾಮನ ತೋಟದ ಮೊಬೈಲ್ ಸ್ಟಾರ್ಟರ್ ಕೆಟ್ಟಿತ್ತು. ಚಿಗುರಿಗೆ ನೀರು ತಪ್ಪಿದರೆ ಆ ವರ್ಷದ ಬೆಳೆ ತಪ್ಪಿದಂತೆ, ಮಾಮ ಎರಡು ರಾತ್ರಿ ತೋಟದಲ್ಲೇ ಮಲಗಿದ್ದರು. “ಬಬಲೇಶ್ವರದಾಗ ಒಬ್ಬ ಹುಡುಗ ಅದಾನಂತ, ಚಲೋ ಮಾಡ್ತಾನಂತ. ಡಬ್ಬಿ ಒಯ್ದು ಮಾಡಿಸ್ಕೊಂಡು ಬಾ” ಎಂದು ನನ್ನ ಕೈಗೆ ಕೊಟ್ಟರು.

ಯಾರಿರಬಹುದೆಂದು ಬಸ್ಸಿನಲ್ಲಿ ಕುಳಿತಾಗಲೇ ಅನಿಸಿತ್ತು. ಬಬಲೇಶ್ವರದ ಬಸ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಒಂದು ಪುಟ್ಟ ಅಂಗಡಿ. ಅದೇ ಹಸಿರು ಬೋರ್ಡು, ಅದೇ ವೈರು, ಗೋಡೆಯ ಮೇಲೆ ಅದೇ ಊರುಗಳ ಪಟ್ಟಿ. ಅವನು ತಲೆ ಎತ್ತಿ ನೋಡಿದ, ಗುರುತು ಹಿಡಿದ, ಏನೂ ಹೇಳಲಿಲ್ಲ. ಡಬ್ಬಿ ಬಿಚ್ಚಿ ಮೀಟರ್ ಹಚ್ಚಿದ.

“ತಿಕೋಟಾಕ್ಕ ಈಗ ಕರೆಂಟ್ ಎಷ್ಟಕ್ಕ ಬರ್ತೈತ್ರಿ?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಮಾಮನಿಗೆ ಫೋನ್ ಮಾಡಿ ಕೇಳಿ ಹೇಳಿದೆ. ಪಟ್ಟಿಯಲ್ಲಿ ತಿದ್ದಿಕೊಂಡ.

ಅರ್ಧ ತಾಸು ಸುಮ್ಮನೆ ಕುಳಿತೆ. ಕೊನೆಗೆ ತಡೆಯಲಾಗದೆ ಹೇಳಿಬಿಟ್ಟೆ. “ಅವತ್ತು ಮಾಲಕರಿಗೆ ಹೇಳಿದಾಂವ ನಾನ.”

“ಗೊತ್ತೈತಿ” ಎಂದ. ಕೈಯಲ್ಲಿನ ಕೆಲಸ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ನನ್ನ ಕೇಳಬಹುದಿತ್ತಲ್ಲಾ. ಬಾಗಲಾ ತೆರದ ಇರ್ತಿತ್ತು” ಎಂದ.

ಅವನು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಏನು ಉತ್ತರ ಕೊಡಬೇಕೆಂದು ತಿಳಿಯಲಿಲ್ಲ. “ತಪ್ಪಾತು” ಎಂದೆ. ಅವನು ‘ಇರಲಿ ಬಿಡು’ ಎನ್ನಲಿಲ್ಲ. ಅದನ್ನು ಅವನು ಹೇಳಬೇಕೆಂದು ನಿರೀಕ್ಷಿಸುವ ಹಕ್ಕೂ ನನಗಿರಲಿಲ್ಲ. ಓಣಿಯಿಂದ ಹೊರಟ ಮೇಲೆ ವಿಜಯಪುರದಲ್ಲಿ ಮೂರು ಕಡೆ ರೂಮು ಕೇಳಿದನಂತೆ. ಏನು ಕೆಲಸ ಎಂದು ಕೇಳಿದಾಗ ಸಾಮಾನು ತೋರಿಸಿದರೆ ಬೇಡ ಎನ್ನುತ್ತಿದ್ದರಂತೆ. ಹಾಗಾಗಿ ಊರಿಗೇ ಬಂದು ಅಂಗಡಿ ಹಾಕಿದ. ಪೇಟೆಯಲ್ಲಿ ಸಿಗುತ್ತಿದ್ದಷ್ಟು ಕೆಲಸ ಇಲ್ಲಿ ಸಿಗುವುದಿಲ್ಲ ಎಂದ, ದೂರಿನಂತಲ್ಲ, ಲೆಕ್ಕ ಹೇಳುವಂತೆ. ಡಬ್ಬಿ ಸರಿ ಮಾಡಿ 350 ರೂಪಾಯಿ ತೆಗೆದುಕೊಂಡ. ಹೆಚ್ಚು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ.

ಅನುಮಾನ ಬಂದರೆ ಬಾಯಿ ಮುಚ್ಚಿಕೊಂಡಿರಿ ಎಂದು ನಾನು ಹೇಳುತ್ತಿಲ್ಲ. ಮಂಗಳೂರಿನಲ್ಲಿ ಸುಟ್ಟುಕೊಂಡದ್ದು ಹೊಟ್ಟೆಪಾಡಿಗೆ ಆಟೊ ಓಡಿಸುವ ಚಾಲಕ ಕೂಡ. ನಿಜವಾಗಿ ಅಪಾಯ ಕಂಡರೆ 112ಕ್ಕೆ ಫೋನ್ ಮಾಡಬೇಕು. ಪೊಲೀಸರು ಬಂದು ನೋಡಲಿ, ಕೇಳಲಿ, ಬರೆದುಕೊಳ್ಳಲಿ. ಪೊಲೀಸರೂ ತಪ್ಪು ಮಾಡುತ್ತಾರೆ ಎಂಬುದು ಹನೀಫರ ಕಥೆಯಲ್ಲೇ ಇದೆ. ಆದರೆ ಆ ತಪ್ಪನ್ನು ಬಯಲು ಮಾಡಲು ಅಲ್ಲಿ ಒಂದು ಕೋರ್ಟು ಇತ್ತು, ಒಂದು ವಿಚಾರಣೆ ನಡೆಯಿತು. ಓಣಿಯ ಮಾತಿಗೆ ಕೋರ್ಟು ಇಲ್ಲ, ಜಾಮೀನೂ ಇಲ್ಲ.

ನನ್ನನ್ನು ಈಗಲೂ ಕಾಡುವ ಪ್ರಶ್ನೆ ಬೇರೆ. ಮೇಲಿನ ರೂಮಿನಲ್ಲಿ ನಮ್ಮ ಪೈಕಿಯ ಹುಡುಗನೊಬ್ಬ ಅದೇ ಬೋರ್ಡು, ಅದೇ ಸಿಮ್ ಇಟ್ಟುಕೊಂಡು ಕುಳಿತಿದ್ದರೆ ನಾನು ಏನು ಮಾಡುತ್ತಿದ್ದೆ? ಬಹುಶಃ ಒಳಗೆ ಹೋಗಿ, “ಏನ್ ಮಾಡಾಕತ್ತೀಯೋ ದೋಸ್ತ?” ಎಂದು ಕೇಳುತ್ತಿದ್ದೆ. ಅವನು ತೋರಿಸುತ್ತಿದ್ದ. ಒಂದು ಚಹಾ ಕುಡಿದು ಕೆಳಗೆ ಬರುತ್ತಿದ್ದೆ. ಸಿನಿಮಾ ನನ್ನ ತಲೆ ಕೆಡಿಸಿತು ಎಂದು ಹೇಳಿ ಪಾರಾಗುವುದು ಸುಲಭ. ಅಂದು ಅದೇ ಸಿನಿಮಾವನ್ನು ನಾಲ್ವರೂ ನೋಡಿದ್ದೆವು, ಮಾಲಕರ ಬಾಗಿಲಿಗೆ ಹೋದವನು ನಾನೊಬ್ಬನೇ.

ಪಿಎಸ್‌ಐ ಪರೀಕ್ಷೆಗೆ ಈಗಲೂ ಓದುತ್ತಿದ್ದೇನೆ. ನಾಳೆ ಆ ಕುರ್ಚಿ ಸಿಕ್ಕರೆ ನನ್ನಂಥವನೊಬ್ಬ ಬಂದು, “ಸಾಹೇಬ್ರ, ಮ್ಯಾಲಿನ ರೂಮಿನ ಹುಡುಗ ಏನೋ ಮಾಡಾಕತ್ತಾನ್ರಿ” ಎಂದು ಹೇಳಿಯೇ ಹೇಳುತ್ತಾನೆ. ಆಗ ನಾನು ಮೊದಲು ಕೇಳಬೇಕಾದ ಪ್ರಶ್ನೆ ಈಗ ಗೊತ್ತಾಗಿದೆ. “ನೀ ಅವನನ್ನ ಕೇಳಿದಿಯೇನು?”

ಸರಿಯಾದ ಡಬ್ಬಿಯನ್ನು ಅಂದು ಸಂಜೆ ಮಾಮ ತೋಟದಲ್ಲಿ ಕೂರಿಸಿದರು. ರಾತ್ರಿ ಎರಡಕ್ಕೆ ಅವರ ಮೊಬೈಲ್ ಹೊಡೆದುಕೊಂಡಿತು. ಮಾಮ ಮಲಗಿದ್ದಲ್ಲೇ ಬಟನ್ ಒತ್ತಿ, “ಮೋಟಾರ್ ಚಾಲೂ ಆತು, ಮಕ್ಕೋ” ಎಂದು ನನಗೆ ಹೇಳಿ ಮಗ್ಗುಲು ಬದಲಿಸಿದರು.